ಕ್ಲೇಲಿಯಾಳನ್ನು ಒಪ್ಪಿಸಿಕೊಟ್ಟವರು

ನಮ್ಮ ಸಿಯೆನಾ ಊರಿನವರಿಗೆ ಒಂದು ಕೆಟ್ಟ ಚಾಳಿಯಿದೆ. ಚಿತ್ರದಲ್ಲಿ ದುಷ್ಟನೊಬ್ಬ ಕಂಡರೆ ಅವನ ಕಣ್ಣು ಕಿತ್ತೇ ತೀರಬೇಕು. ಇಗರ್ಜಿಯ ಹಲಗೆಯ ಮೇಲಿನ ಸೈತಾನನಿರಲಿ, ಸಂತರ ತಲೆ ಕಡಿದ ಕಟುಕನಿರಲಿ, ಯಾರಿಗೂ ವಿನಾಯಿತಿಯಿಲ್ಲ. ಹೆಂಗಸರು ಮೊಣಕಾಲೂರಿ ಜಪ ಮುಗಿಸುತ್ತಾರೆ, ಏಳುವಾಗ ಅತ್ತಿತ್ತ ನೋಡಿ ಉಗುರಿನಿಂದಲೋ ಕೀಲಿಕೈಯಿಂದಲೋ ಅವನ ಕಣ್ಣಿಗೊಂದು ಗೀರು ಹಾಕಿಯೇ ಹೊರಡುತ್ತಾರೆ. ಪಾದ್ರಿಗಳು ಬೈಯುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಅವರೂ ಒಂದು ಗೀರು ಹಾಕುತ್ತಾರೆ ಎಂದು ನನ್ನ ಗುಮಾನಿ.

ಕೋಟೆಯ ಪಿಸ್ಪಿನಿ ಬಾಗಿಲ ಹತ್ತಿರದ ಇಳಿಜಾರು ಓಣಿಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಬಿಂದೊ ಮೇಸ್ತ್ರಿಗೆ ಈ ಚಾಳಿಯಿಂದ ಅರ್ಧ ಹೊಟ್ಟೆ ತುಂಬುತ್ತಿತ್ತು. ಕಣ್ಣು ಕಳೆದುಕೊಂಡ ಹಲಗೆಗಳು ರಿಪೇರಿಗೆ ಬರುತ್ತಿದ್ದವು. ಗುಣಿ ಬಿದ್ದಲ್ಲಿ ಬಿಳಿ ಗಾರೆ ತುಂಬಿ, ಮೊಟ್ಟೆಯ ಹಳದಿಯಲ್ಲಿ ಬಣ್ಣ ಕಲಸಿ, ಹೊಸ ಕಣ್ಣು ಇಟ್ಟು ಕಳಿಸುತ್ತಿದ್ದ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ನಿಮ್ಮ ಕಸುಬು ಅದೇ ಕಣ್ರೀ," ಎಂದು ಹೆಂಡತಿ ಜೆಮ್ಮಾ ಅಣಕಿಸುತ್ತಿದ್ದಳು.

"ಹುಚ್ಚಿ, ಅದೇ ಕಣೇ ಮರ್ಯಾದೆ. ವರ್ಷದೊಳಗೆ ಯಾರೂ ಕಣ್ಣು ಕೀಳ್ಲಿಲ್ಲ ಅಂದ್ರೆ ಖಳನನ್ನ ನಾನು ಸರಿಯಾಗಿ ಬರೆದಿಲ್ಲ ಅಂತ ಅರ್ಥ."

ಬಿಂದೊನದು ದೊಡ್ಡ ಹೆಸರೇನಲ್ಲ. ದೊಡ್ಡ ಇಗರ್ಜಿಯ ಕೆಲಸಗಳು ಅವನ ಓಣಿಗೆ ಇಳಿದು ಬರುತ್ತಿರಲಿಲ್ಲ. ಮದುವೆ ಮನೆಗಳ ಮಲಗುವ ಕೋಣೆಗೆ ಉದ್ದನೆಯ ಹಲಗೆಗಳನ್ನು ಬರೆದುಕೊಡುವುದು ಅವನ ಕೆಲಸ. ಹೊಸ ಸೊಸೆ ದಿನಾ ನೋಡಿ ಕಲಿಯಲಿ ಎಂದು ಹಳೆಯ ರೋಮಿನ ವೀರಮಾತೆಯರನ್ನು, ಪತಿವ್ರತೆಯರನ್ನು ಗೋಡೆಗೆ ಕೂರಿಸುವುದು ನಮ್ಮಲ್ಲಿ ಪದ್ಧತಿ. ಗಂಡಸರು ನೋಡಿ ಕಲಿಯಲಿ ಎಂದು ಯಾರೂ ಏನನ್ನೂ ಬರೆಸುವುದಿಲ್ಲ. ಅವರು ಕಲಿತುಕೊಂಡೇ ಹುಟ್ಟಿರುತ್ತಾರೆ. ಆದರೆ ಬಿಂದೊನಿಗೆ ಒಂದು ಹೆಸರಂತೂ ಇತ್ತು. ಹೇಳಿದ ಹಬ್ಬಕ್ಕೆ ಹೇಳಿದ ಹಲಗೆ ಕೊಡುತ್ತಿದ್ದ. ಚಿತ್ರಗಾರರ ಜಾತಿಯಲ್ಲಿ ಇದು ಪವಾಡ. "ಬಿಂದೊ ಮಾತು ಅಂದ್ರೆ ಗೋಡೆಗೆ ಹೊಡೆದ ಮೊಳೆ" ಎಂದು ಓಣಿಯವರು ಹೇಳುವಾಗ ಅವನು ಕೇಳಿಸದವನಂತೆ ನಿಂತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಅವನಿಗಿದ್ದವಳು ಒಬ್ಬಳೇ ಮಗಳು, ತೆಸ್ಸಾ. ಅವಳನ್ನು ಆಶಾನೊ ಊರಿನ ಲೊತ್ತೊ ಎಂಬುವನಿಗೆ ಕೊಟ್ಟಿತ್ತು. ಮೆಣಸು, ಮದ್ದು, ಮೇಣದಬತ್ತಿ, ಬಣ್ಣದ ಪುಡಿ ಮಾರುವ ಅನುಕೂಲಸ್ಥರ ಮನೆ. ಜೇನು, ಬಾದಾಮಿ, ಮೆಣಸು ಹಾಕಿ ಅವರು ಮಾಡುವ ಮೆಣಸುರೊಟ್ಟಿಗೆ ನಮ್ಮೂರಿನವರೂ ಬಾಯಿ ಬಿಡುತ್ತಿದ್ದರು. ಮದುವೆಯಾಗಿ ಎರಡು ವರ್ಷದ ಮೇಲೆ ಆ ಮನೆಯಿಂದಲೇ ಬಿಂದೊನಿಗೆ ಕೇಳಿಕೆ ಬಂತು: ಮಗ ಸೊಸೆಯ ಕೋಣೆಗೆ ಒಂದು ಹಲಗೆ ಬೇಕು, ಅದರಲ್ಲಿ ಕ್ಲೇಲಿಯಾಳ ಕಥೆ ಇರಬೇಕು.

ಕಥೆಯನ್ನು ಆರಿಸಿದ್ದು ಅವರ ಮನೆಗೆ ಬಂದುಹೋಗುವ ಪಾದ್ರಿ. ಕ್ಯೂಸಿಯ ರಾಜ ಪೋರ್ಸೆನ್ನ ರೋಮಿಗೆ ಮುತ್ತಿಗೆ ಹಾಕುತ್ತಾನೆ. ಒಪ್ಪಂದವಾಗಿ ರೋಮಿನವರು ತಮ್ಮ ಹೆಣ್ಣುಮಕ್ಕಳನ್ನು ಅವನಿಗೆ ಒತ್ತೆ ಕೊಡುತ್ತಾರೆ. ಅವರಲ್ಲಿ ಕ್ಲೇಲಿಯಾ ಎಂಬ ಹುಡುಗಿ ಕಾವಲಿನವರ ಕಣ್ಣಿಗೆ ಮಣ್ಣೆರಚಿ, ಜೊತೆಯ ಹುಡುಗಿಯರನ್ನೂ ಕರೆದುಕೊಂಡು, ಟೈಬರ್ ನದಿಯನ್ನು ಈಜಿ ಊರು ಸೇರುತ್ತಾಳೆ. ಊರ ಹಿರಿಯರು ಏನು ಮಾಡಿದರು? ಕೊಟ್ಟ ಮಾತು ದೊಡ್ಡದು ಎಂದು ಅವಳ ಕೈ ಹಿಡಿದು ವಾಪಸು ರಾಜನ ದೂತರಿಗೆ ಒಪ್ಪಿಸಿದರು. ರಾಜ ಅವಳ ಧೈರ್ಯ ಮೆಚ್ಚಿ ಬಿಡುಗಡೆ ಮಾಡಿದ. ಕಥೆ ಸುಖವಾಗಿ ಮುಗಿಯುತ್ತದೆ. ಕಥೆಗಳಿಗೆ ಆ ಅನುಕೂಲ ಇದೆ.

ಬಿಂದೊ ಹಲಗೆಯನ್ನು ಮೂರು ಭಾಗ ಮಾಡಿಕೊಂಡ. ಎಡಕ್ಕೆ ನದಿ, ಈಜುವ ಹುಡುಗಿಯರು. ನಡುವೆ ರೋಮಿನ ಹೆಬ್ಬಾಗಿಲು, ಹಿರಿಯನೊಬ್ಬ ಕ್ಲೇಲಿಯಾಳನ್ನು ದೂತನ ಕೈಗೆ ಒಪ್ಪಿಸುವುದು. ಬಲಕ್ಕೆ ಸಿಂಹಾಸನದ ಮೇಲೆ ರಾಜ. ಮುಖಗಳನ್ನು ಕೊನೆಗೆ ಇಟ್ಟುಕೊಂಡ. ಒಂದು ಮುಖ ಮಾತ್ರ ಮೊದಲೇ ಮುಗಿಸಿದ: ಆ ಹಿರಿಯನದು. ಚಿತ್ರಗಾರ ತನ್ನ ಮುಖವನ್ನು ಗುಂಪಿನಲ್ಲಿ ಎಲ್ಲೋ ಒಂದು ಕಡೆ ಸೇರಿಸಿಬಿಡುವುದು ರೂಢಿ. ಬಿಂದೊ ಪ್ರತಿ ಸಲ ಮೂಲೆಯಲ್ಲಿ ನಿಲ್ಲುತ್ತಿದ್ದವನು ಈ ಸಲ ನಟ್ಟನಡುವೆ ನಿಂತ. ಮಾತು ಉಳಿಸಿಕೊಂಡ ಹಿರಿಯನ ಪಾತ್ರ ತನ್ನನ್ನು ಬಿಟ್ಟು ಇನ್ಯಾರಿಗೆ ಒಪ್ಪುತ್ತದೆ ಎಂದುಕೊಂಡು, ಕನ್ನಡಿ ಎದುರಿಗಿಟ್ಟುಕೊಂಡು, ಮೇಲಕ್ಕೆ ಎದ್ದ ಎಡಹುಬ್ಬನ್ನೂ ಬಿಡದೆ ಬರೆದ.

ಹೀಗಿರುವಾಗ ಒಂದು ಬೆಳಿಗ್ಗೆ, ಬಿಂದೊ ಮೊಟ್ಟೆ ಒಡೆದು ಹಳದಿಯನ್ನು ಅಂಗೈಯಿಂದ ಅಂಗೈಗೆ ಹೊರಳಿಸುತ್ತಿದ್ದಾಗ, ಅಂಗಡಿ ಬಾಗಿಲಲ್ಲಿ ತೆಸ್ಸಾ ನಿಂತಿದ್ದಳು. ಸೊಂಟದವರೆಗೆ ಒದ್ದೆ. ಬೂದುಬಣ್ಣದ ಜೇಡಿ ಮೊಣಕಾಲಿನವರೆಗೆ ಮೆತ್ತಿಕೊಂಡಿತ್ತು.

"ಸೇತುವೆ ಮೇಲೆ ಬರ್ಲಿಲ್ಲ ಅಪ್ಪ. ಸುಂಕದವನಿಗೆ ಗಂಡನ ಮನೆಯವರ ಗುರುತಿದೆ, ಹೇಳಿಬಿಡ್ತಾನೆ. ಕೆಳಗೆ ಹೊಳೆಯಲ್ಲೇ ಇಳಿದು ಬಂದೆ," ಎಂದಳು.

"ಆರ್ಬಿಯಾ ಹೊಳೆಯಲ್ಲಿ ಇಳಿದ್ಯಾ? ಈ ತಣ್ಣೀರಲ್ಲಿ?" ಬಿಂದೊನ ಬೆರಳ ಸಂದಿಯಿಂದ ಹಳದಿ ಜಾರಿ ನೆಲಕ್ಕೆ ಬಿತ್ತು.

ಜೆಮ್ಮಾ ಒಳಗಿನಿಂದ ಓಡಿಬಂದಳು. "ಮಗಳು ನಡುಗ್ತಾ ನಿಂತಿದಾಳೆ, ನೀವೇನ್ರೀ ಹೊಳೆ ಹೆಸರು ಕೇಳ್ತಾ ಕೂತಿದೀರಿ! ಬಾರೇ ಒಳಗೆ, ಒಲೆ ಹತ್ರ ಬಾ."

ಒದ್ದೆ ಬಟ್ಟೆ ಬಿಚ್ಚಿಸುವಾಗ ಜೆಮ್ಮಾ ಮಗಳ ಬೆನ್ನು ನೋಡಿದಳು. ಆಮೇಲೆ ಗಂಡನನ್ನು ಕರೆದು ತೋರಿಸಿದಳು. ನೀಲಿ ಇತ್ತು, ಹಳದಿ ಇತ್ತು, ಹಸಿರು ಇತ್ತು. ಬಣ್ಣದವನಿಗೆ ಯಾವುದು ಹೊಸದು ಯಾವುದು ಹಳೆಯದು ಎಂದು ಹೇಳಿಕೊಡಬೇಕಾಗಿರಲಿಲ್ಲ. ಹೋದ ಚಳಿಗಾಲದಲ್ಲಿ ಬಸಿರು ಇಳಿದುಹೋಯಿತಲ್ಲ, ಅದೂ ತಾನಾಗಿ ಇಳಿದದ್ದಲ್ಲ ಎಂದು ತೆಸ್ಸಾ ಅಮ್ಮನಿಗೆ ಹೇಳಿದಳು. ಹುರುಳಿಕಾಯಿ ಸಾರನ್ನು ಬಟ್ಟಲಿನಿಂದ ಹಾಗೇ ಕುಡಿದಳು.

"ಇನ್ನು ಅವಳು ಹೋಗಲ್ಲ," ಎಂದಳು ಜೆಮ್ಮಾ.

ಬಿಂದೊ ಒಲೆಗೆ ಇನ್ನೊಂದು ಸೌದೆ ತುರುಕಿದ. ಅವನು ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಆ ಬೆನ್ನನ್ನು ಇನ್ನೊಂದು ಸಲ ನೋಡಲು ಅವನಿಂದ ಆಗಿರಲಿಲ್ಲ. ಆದರೆ ಮಗಳನ್ನು ಮನೆಯಲ್ಲಿಟ್ಟುಕೊಂಡರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಪತಿವ್ರತೆಯರ ಚಿತ್ರ ಬರೆಯುವವನ ಮಗಳೇ ಗಂಡನನ್ನು ಬಿಟ್ಟು ಬಂದಳು ಎಂದರೆ ನಾಳೆ ಯಾವ ಮದುವೆ ಮನೆಯವರು ಅವನ ಹೊಸ್ತಿಲು ತುಳಿದಾರು? ಎಲ್ಲಕ್ಕಿಂತ ಹೆಚ್ಚಾಗಿ, ಮದುವೆ ಮಾತಾದಾಗ ಹತ್ತು ಜನರ ಮುಂದೆ ಅವನು ಕೈ ಹಿಡಿದು ಮಾತು ಕೊಟ್ಟಿದ್ದ.

ಮೈ ಕಾದ ಮೇಲೆ ತೆಸ್ಸಾ ಅಂಗಡಿಯಲ್ಲಿ ಬಂದು ಕೂರತೊಡಗಿದಳು. ಕ್ಲೇಲಿಯಾಳಿಗೆ ಮುಖ ಬೇಕಾಗಿತ್ತು. ಬಿಂದೊ ಅವಳನ್ನೇ ಕಿಟಕಿಯ ಬೆಳಕಿಗೆ ಕೂರಿಸಿದ. ನಮ್ಮ ಚಿತ್ರಗಾರರು ಮುಖಕ್ಕೆ ಮೊದಲು ಹಸಿರು ಮಣ್ಣು ಬಳಿಯುತ್ತಾರೆ. ಅದರ ಮೇಲೆ ಎಳೆ ಎಳೆಯಾಗಿ ಕೆಂಪು ಕೂರಿಸುತ್ತಾರೆ. ಹರೆಯದ ಮುಖಕ್ಕೆ ಪೇಟೆಯ ಕೋಳಿಯ ಮೊಟ್ಟೆಯೇ ಆಗಬೇಕು; ಅದರ ಹಳದಿಯ ಬಣ್ಣ ತೆಳು.

"ನನ್ನ ಮುಖ ಹಸಿರು ಮಾಡ್ಬಿಟ್ಟಿದೀಯ ಅಪ್ಪ. ಹೆಣ ಇದ್ದಂಗಿದೆ."

"ಮೊದ್ಲು ಹಾಗೇ ಇರುತ್ತೆ. ಮೇಲೆ ಕೆಂಪು ಬಂದ್ರೆ ಜೀವ ಬರುತ್ತೆ."

"ಈ ಹುಡುಗಿ ಕಥೆ ಏನು?"

ಬಿಂದೊ ಹೇಳಿದ. ಹೇಳುತ್ತಾ ಅವಳ ಮುಖ ನೋಡಲಿಲ್ಲ, ಹಲಗೆಯ ಮೇಲಿನ ಮುಖವನ್ನೇ ನೋಡುತ್ತಿದ್ದ.

"ಅಷ್ಟು ಕಷ್ಟಪಟ್ಟು ಈಜಿ ಬಂದವಳನ್ನ ಅವಳ ಊರವರೇ ವಾಪಸ್ ಕೊಟ್ರಾ?"

"ಮಾತು ಕೊಟ್ಟಿದ್ರಲ್ಲ ಮಗಳೇ. ಆಮೇಲೆ ರಾಜ ಮೆಚ್ಚಿ ಬಿಟ್ಟುಬಿಟ್ಟ."

"ಮೆಚ್ಚದೇ ಇದ್ದಿದ್ರೆ?"

"ಗಲ್ಲ ಅಲ್ಲಾಡಿಸ್ಬೇಡ."

ಅವಳು ಗಲ್ಲ ಅಲ್ಲಾಡಿಸದೆ ನಡುವಿನ ಹಿರಿಯನ ಕಡೆ ಬೆರಳು ತೋರಿಸಿದಳು. "ಇದು ನೀನೇ ಅಲ್ವಾ?"

"ಗುರುತು ಸಿಕ್ತಾ?" ಬಿಂದೊನ ಮುಖ ಅರಳಿತು.

"ಸಿಗದೆ ಏನು. ಹುಬ್ಬು ನೋಡು." ಅವಳು ಆ ಮುಖವನ್ನು ಬಹಳ ಹೊತ್ತು ನೋಡಿದಳು. ಬಿಂದೊನಿಗೆ ಒಳಗೊಳಗೇ ಖುಷಿಯಾಯಿತು. ಪೆದ್ದ.

ಲೊತ್ತೊ ಬಂದದ್ದು ಭಾನುವಾರದ ಪೂಜೆ ಮುಗಿದ ಮೇಲೆ. ಟೋಪಿ ಕೈಯಲ್ಲಿ ಹಿಡಿದು, ಕಾಗದದಲ್ಲಿ ಸುತ್ತಿದ ಮೆಣಸುರೊಟ್ಟಿ ತಂದು, ಬಹಳ ಮರ್ಯಾದೆಯಿಂದ ಕೂತ. ಸಣ್ಣ ಕೈಗಳವನು, ಮೆತ್ತಗೆ ಮಾತಾಡುವವನು.

"ಮಾವ, ಅವಳದ್ದು ಸ್ವಲ್ಪ ಮುಂಗೋಪ. ನಾನೂ ಒಂದು ಮಾತು ಜಾಸ್ತಿ ಆಡಿರಬಹುದು. ಗಂಡ ಹೆಂಡಿರ ಜಗಳ, ಉಂಡು ಮಲಗೋ ತನಕ. ಊರೆಲ್ಲಾ ಗೊತ್ತಾಗೋ ಮೊದ್ಲು ಕರ್ಕೊಂಡು ಹೋಗ್ತೀನಿ."

"ಮಾತಾಡಿದ್ರೆ ಬೆನ್ನು ನೀಲಿಗಟ್ಟುತ್ತಾ ಅಳಿಯಂದಿರೇ?" ಜೆಮ್ಮಾ ಒಲೆಯ ಹತ್ತಿರದಿಂದಲೇ ಕೇಳಿದಳು. "ನಿಮ್ಮ ಅಂಗಡೀಲಿ ಅದಕ್ಕೂ ಮದ್ದು ಮಾರ್ತೀರೇನೋ."

"ಜೆಮ್ಮಾ!" ಎಂದು ಬಿಂದೊ ಗದರಿದ.

"ಏನು ಜೆಮ್ಮಾ? ಒಂದು ತುತ್ತು ಜಾಸ್ತಿ ಬೇಯ್ಸೋದು ನಾನು. ನಿಮ್ಮನ್ನ ಕೇಳಿದ್ನಾ? ಅವಳು ಇಲ್ಲೇ ಇರ್ತಾಳೆ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಕಣೇ. ನಾನು ಕೈ ಹಿಡಿದು ಮಾತು ಕೊಟ್ಟಿದೀನಿ. ಬಿಂದೊ ಮಾತು ತಪ್ಪಿದ ಅಂತ ಯಾರ ಬಾಯಲ್ಲೂ ಬಂದಿಲ್ಲ, ಬರೋದೂ ಇಲ್ಲ." ಲೊತ್ತೊನ ಕಡೆ ತಿರುಗಿ, "ಇನ್ನೊಂದು ಸಲ ಕೈ ಎತ್ತಲ್ಲ ಅಂತ ನೀವೂ ಮಾತು ಕೊಡಿ ಅಳಿಯಂದಿರೇ," ಎಂದ.

"ಕೊಟ್ಟೆ ಮಾವ," ಎಂದ ಲೊತ್ತೊ. ಅಷ್ಟು ಸುಲಭಕ್ಕೆ ಕೊಟ್ಟ.

ಬಿಂದೊ ಮಗಳ ಕೈ ಹಿಡಿದು ಅವನ ಕೈಯಲ್ಲಿಟ್ಟ. ತೆಸ್ಸಾ ಅಳಲಿಲ್ಲ. ಜೆಮ್ಮಾ ತನ್ನ ತುರುಬಿಗೆ ಸಿಕ್ಕಿಸಿದ್ದ ಹಿತ್ತಾಳೆ ಸೂಜಿ ತೆಗೆದು, ಬಿಚ್ಚಿಹೋಗಿದ್ದ ಮಗಳ ಜಡೆಯನ್ನು ಸುತ್ತಿ ಅದರಿಂದ ಬಿಗಿದಳು. ಬೆರಳುದ್ದದ ಗಟ್ಟಿ ಸೂಜಿ, ಅವಳಿಗೆ ಅವಳಮ್ಮ ಕೊಟ್ಟಿದ್ದು. ಲೊತ್ತೊ ತಂದಿದ್ದ ಹೇಸರಗತ್ತೆಯ ಮೇಲೆ ಕೂತು ತೆಸ್ಸಾ ತಂದೆಯ ಕಡೆ ನೋಡಿದಳು.

"ಹಲಗೆ ಬೇಗ ಕಳ್ಸು ಅಪ್ಪ. ಅಲ್ಲಾದ್ರೂ ನಿನ್ನ ಮುಖ ನೋಡ್ತಿರ್ತೀನಿ."

ಆ ಮಾತನ್ನು ಬಿಂದೊ ಎದೆಗೆ ಅವಚಿಕೊಂಡು ಕೆಲಸ ಮಾಡಿದ. ರಾಜನಿಗೆ ಕಾಡುಹಂದಿಯ ಕಣ್ಣು ಇಟ್ಟ. ದೂತನಿಗೆ ಲೊತ್ತೊನ ಸಣ್ಣ ಕೈಗಳನ್ನೇ ಬರೆದ. ಅಷ್ಟು ಸೇಡು ಅವನ ಕೈಲಾದದ್ದು. "ಈ ರಾಜನ ಕಣ್ಣು ಒಂದು ಚಳಿಗಾಲ ಬಾಳಲ್ಲ ನೋಡ್ತಿರು," ಎಂದು ಹೆಂಡತಿಗೆ ಹೇಳಿದ. ಜೆಮ್ಮಾ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮಗಳು ಹೋದ ಮೇಲೆ ಅವಳು ಅವನನ್ನು ಅಣಕಿಸುವುದನ್ನೇ ಬಿಟ್ಟಿದ್ದಳು. ಅಣಕ ಇಲ್ಲದ ಮನೆಯಲ್ಲಿ ಸಾರಿಗೆ ಉಪ್ಪಿದ್ದರೂ ಸಪ್ಪೆ ಅನ್ನಿಸುತ್ತಿತ್ತು.

ಚಳಿ ಶುರುವಾಗುವ ಸರ್ವಸಂತರ ಹಬ್ಬಕ್ಕೆ ಕೊಡುತ್ತೇನೆ ಎಂದಿದ್ದ, ಆ ಹಬ್ಬಕ್ಕೇ ಕೊಟ್ಟ. ಆಶಾನೊಗೆ ತಾನೇ ಹೋಗಿ ಕೋಣೆಯ ಗೋಡೆಗೆ ಕೂರಿಸಿ ಬಂದ. ತೆಸ್ಸಾ ಅವನಿಗೆ ಬಡಿಸಿದಳು. ಅಂಗಿಯ ತೋಳು ಬೆರಳಿನವರೆಗೆ ಇಳಿದಿತ್ತು. ಅತ್ತೆ ಮಾವ ಎದುರಿಗಿದ್ದರು, ಮಾತು ಆಡಲಾಗಲಿಲ್ಲ. ಚೆನ್ನಾಗಿದೀಯಾ ಎಂದು ಕೇಳಿದ್ದಕ್ಕೆ, ಚೆನ್ನಾಗಿದೆ ಅಪ್ಪ, ನಿನ್ನ ಕೆಲಸ ಚೆನ್ನಾಗಿದೆ, ಎಂದಳು.

ಚಳಿಗಾಲದ ಕೊನೆಗೆ ಉಪವಾಸದ ದಿನಗಳು ಶುರುವಾದ ಮೇಲೆ ಸುದ್ದಿ ಬಂತು. ತೆಸ್ಸಾ ಮೆಟ್ಟಿಲಿಂದ ಬಿದ್ದಳಂತೆ. ಎಲ್ಲ ಮುಗಿದುಹೋಗಿದೆ, ಮಣ್ಣೂ ಆಗಿದೆ. ಬಿಂದೊ, ಜೆಮ್ಮಾ ಆಶಾನೊ ತಲುಪುವಷ್ಟರಲ್ಲಿ ಅವಳನ್ನು ಹೂತ ಇಗರ್ಜಿಯ ನೆಲದ ಕಲ್ಲನ್ನು ಮತ್ತೆ ಕೂರಿಸಿ ಆಗಿತ್ತು. ಮಗಳ ಮುಖವನ್ನು ಇನ್ನೊಂದು ಸಲ ನೋಡುವುದೂ ಅವರ ಹಣೆಯಲ್ಲಿ ಬರೆದಿರಲಿಲ್ಲ. ಅತ್ತೆ ಅವಳ ಬಟ್ಟೆಯ ಗಂಟು ಕೊಟ್ಟು ಕಳಿಸಿದಳು. ಗಂಟಿನಲ್ಲಿ ಆ ಹಿತ್ತಾಳೆ ಸೂಜಿ ಇತ್ತು. ಮೊನೆ ಸವೆದು ಮೊಂಡಾಗಿತ್ತು, ಅಂಚಿನಲ್ಲಿ ಬಿಳಿ ಪುಡಿ ಹಿಡಿದಿತ್ತು. ಹಿಟ್ಟೇನೋ ಎಂದು ಜೆಮ್ಮಾ ಅದನ್ನು ಸೆರಗಿನಲ್ಲಿ ಒರೆಸಿ, ಮತ್ತೆ ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

ಗೋಧಿ ಕೊಯ್ಲು ಮುಗಿದ ಬಿಸಿಲಿನಲ್ಲಿ ಒಬ್ಬ ಹೇಸರಗತ್ತೆಯವನು ಅಂಗಡಿ ಮುಂದೆ ನಿಂತ. ಕಂಬಳಿ ಸುತ್ತಿದ ಹಲಗೆ ಇಳಿಸಿದ, ಜೊತೆಗೊಂದು ಮೆಣಸುರೊಟ್ಟಿ ಕೊಟ್ಟ.

"ಆಶಾನೊದ ಲೊತ್ತೊ ಯಜಮಾನರು ಕಳ್ಸಿದಾರೆ ಮೇಸ್ತ್ರಿ. ಮಕ್ಕಳು ಕಣ್ಣು ಕೆರೆದುಬಿಟ್ಟಿವೆಯಂತೆ. ದ್ರಾಕ್ಷಿ ಸುಗ್ಗಿಗೆ ಮದುವೆ, ಅಷ್ಟ್ರೊಳಗೆ ಸರಿ ಮಾಡಿಕೊಡ್ಬೇಕಂತೆ."

"ಯಾರ ಮದುವೆ?" ಎಂದಳು ಜೆಮ್ಮಾ.

"ಅವರದ್ದೇ. ರಾಪೊಲಾನೊದಲ್ಲಿ ಬಟ್ಟೆಗೆ ಬಣ್ಣ ಅದ್ದೋನ ಮಗಳು." ಅವನಿಗೆ ಏನೂ ಗೊತ್ತಿರಲಿಲ್ಲ ಪಾಪ. ಕತ್ತೆಗೆ ನೀರು ಕುಡಿಸಲು ಹೋದ.

"ಮಕ್ಕಳಾ?" ಜೆಮ್ಮಾ ತನ್ನಷ್ಟಕ್ಕೆ ಹೇಳಿಕೊಂಡಳು. "ಆ ಮನೇಲಿ ಯಾವ ಮಕ್ಕಳಿವೆ?"

ಬಿಂದೊ ಕಂಬಳಿ ಬಿಚ್ಚಿದ. ಮೊದಲು ನೋಡಿದ್ದು ಬಲಗಡೆಯ ರಾಜನನ್ನು. ಕಾಡುಹಂದಿಯ ಕಣ್ಣು ಹಾಗೇ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ದೂತನನ್ನು ನೋಡಿದ. ಸಣ್ಣ ಕೈಗಳ ಮೇಲೂ ಒಂದು ಗೀರಿಲ್ಲ.

ನಡುವಿನ ಹಿರಿಯನಿಗೆ ಕಣ್ಣಿರಲಿಲ್ಲ.

ಒಂದೇ ಸಿಟ್ಟಿನಲ್ಲಿ ಕೆರೆದದ್ದಲ್ಲ ಅದು. ಬಣ್ಣ ಹೋಗಿ, ಅದರಡಿಯ ಬಿಳಿ ಗಾರೆ ಹೋಗಿ, ಮರ ಕಾಣಿಸುವಷ್ಟು ಆಳ. ಗುಣಿಯ ಅಂಚು ನುಣ್ಣಗಾಗಿತ್ತು. ದಿನಾ ಸ್ವಲ್ಪ ಸ್ವಲ್ಪ, ಒಂದು ಚಳಿಗಾಲ ಪೂರ್ತಿ, ಯಾರೋ ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದಿದ್ದರು. ಪಕ್ಕದಲ್ಲಿ ಕ್ಲೇಲಿಯಾ ತೆಸ್ಸಾಳ ಮುಖ ಹೊತ್ತು, ಕೈಯನ್ನು ಹಿರಿಯನ ಕೈಯಲ್ಲಿ ಬಿಟ್ಟು, ಸುಮ್ಮನೆ ನಿಂತಿದ್ದಳು.

ಜೆಮ್ಮಾ ಹತ್ತಿರ ಬಂದಳು. ತುರುಬಿನಿಂದ ಸೂಜಿ ತೆಗೆದು, ಅದರ ಮೊಂಡು ಮೊನೆಯನ್ನು ಹಿರಿಯನ ಎಡಗಣ್ಣಿನ ಗುಣಿಯೊಳಗಿಟ್ಟಳು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

ಬಿಂದೊ ಬಣ್ಣ ಅರೆಯುವ ಕಲ್ಲಿನ ಮೇಲೆ ಕೂತುಬಿಟ್ಟ. "ನಿನ್ನ ಮುಖ ನೋಡ್ತಿರ್ತೀನಿ" ಎಂದಿದ್ದಳು. ನೋಡಿದ್ದಳು. ಹೊಡೆದವನನ್ನು ಬಿಟ್ಟಿದ್ದಳು, ರಾಜನನ್ನು ಬಿಟ್ಟಿದ್ದಳು. ಸೈತಾನರಿಗೆ ಇಷ್ಟು ವರ್ಷ ಹೊಸ ಕಣ್ಣು ಬರೆದುಕೊಟ್ಟ ಬಿಂದೊ, ಆ ಕಥೆಯಲ್ಲಿ ಖಳ ಯಾರು ಎಂಬುದನ್ನೇ ತಪ್ಪು ತಿಳಿದಿದ್ದ. ಅವನು ಬಾಯಿಬಿಟ್ಟು ಅತ್ತ. ಜೆಮ್ಮಾ ಅವನನ್ನು ಸಮಾಧಾನ ಮಾಡಲಿಲ್ಲ.

ಹೇಸರಗತ್ತೆಯವನು ವಾಪಸು ಬಂದು, "ಯಾವಾಗ ಬರ್ಲಿ ಮೇಸ್ತ್ರಿ?" ಎಂದ.

"ಬರ್ಬೇಡ. ಹಲಗೆ ಇಲ್ಲೇ ಇರುತ್ತೆ. ಈ ರೊಟ್ಟೀನೂ ತಗೊಂಡು ಹೋಗು."

"ಯಜಮಾನರಿಗೆ ಏನಂತ ಹೇಳ್ಲಿ? ಅದು ಅವರ ಹಲಗೆ. ನೀವು ಬರೆದುಕೊಡ್ತೀನಿ ಅಂತ ಮಾತು ಕೊಟ್ಟು..."

"ಬಿಂದೊ ಮಾತು ತಪ್ಪಿದ ಅಂತ ಹೇಳು," ಎಂದ ಬಿಂದೊ. "ಎಲ್ಲರಿಗೂ ಹೇಳು. ಓಣಿಯಲ್ಲಿ ಕೂಗಿಕೊಂಡೇ ಹೋಗು."

ಮರುದಿನ ಅವನು ರಾಪೊಲಾನೊಗೆ ನಡೆದ. ಬಣ್ಣ ಅದ್ದುವವನು ಮೊಣಕೈವರೆಗೆ ನೀಲಿ ಮಾಡಿಕೊಂಡು ಕೊಪ್ಪರಿಗೆಯ ಮುಂದೆ ನಿಂತಿದ್ದ. ಅಂಗಳದಲ್ಲಿ ಒಬ್ಬಳು ಹುಡುಗಿ ಒದ್ದೆ ಬಟ್ಟೆ ಹರವುತ್ತಾ ಏನೋ ಹಾಡಿಕೊಳ್ಳುತ್ತಿದ್ದಳು. ಬಿಂದೊ ತನ್ನ ಮಗಳ ಬೆನ್ನಿನ ಬಗ್ಗೆ ಹೇಳಿದ, ಮೆಟ್ಟಿಲಿನ ಬಗ್ಗೆ ಹೇಳಿದ, ಕೊನೆಗೆ ಆ ಮನುಷ್ಯನ ಕಾಲು ಹಿಡಿಯಲು ಬಗ್ಗಿದ. ಅವನು ಹಿಂದೆ ಸರಿದ. ಅವನೂ ಕೆಟ್ಟವನಲ್ಲ, ಕಣ್ಣಲ್ಲಿ ನೀರು ಬಂದಿತ್ತು.

"ನಿಮ್ಮ ಸಂಕಟ ಅರ್ಥವಾಗುತ್ತೆ ಹಿರಿಯರೇ. ಆದ್ರೆ ಏನು ಮಾಡ್ಲಿ? ಹತ್ತು ಜನದ ಮುಂದೆ ಮಾತು ಕೊಟ್ಟುಬಿಟ್ಟಿದೀನಲ್ಲ."

ಆ ಹುಡುಗಿ ಬಿಂದೊನಿಗೆ ಕುಡಿಯಲು ನೀರು ತಂದುಕೊಟ್ಟಳು. ಕುಡಿದು, ಬಂದ ದಾರಿ ಹಿಡಿದ.

ಅವನು ಮನೆ ಸೇರುವ ಹೊತ್ತಿಗೆ ಜೆಮ್ಮಾ ಹಲಗೆಯನ್ನು ಗೋಡೆಯ ಹಳೆಯ ಮೊಳೆಗೆ ತಾನೇ ತೂಗುಹಾಕಿದ್ದಳು. ಬಿಂದೊ ಅದರ ಮುಂದೆ ನಿಂತ. ಹಿರಿಯನ ಬಾಯಿಯ ಮೇಲೆ ಒಂದು ಹೊಸ ಗೀರು ಬಿದ್ದಿತ್ತು, ಅದರ ಬಿಳಿ ಪುಡಿ ಇನ್ನೂ ಕೆಳಗಿನ ಅಂಚಿನಲ್ಲಿ ಕೂತಿತ್ತು. ಒಳಗೆ ಜೆಮ್ಮಾ ಈರುಳ್ಳಿ ಹೆಚ್ಚುವ ಸದ್ದು ಕೇಳುತ್ತಿತ್ತು, ಸೂಜಿ ಅವಳ ತುರುಬಿನಲ್ಲಿತ್ತು.

ಜೆಮ್ಮಾ ಗಿಡ್ಡ ಹೆಂಗಸು, ಹಲಗೆ ಎತ್ತರದಲ್ಲಿತ್ತು. ಮಣೆ ಹತ್ತಿ ನಿಂತು ಗೀರಿದ್ದಿರಬೇಕು. ಬಿಂದೊ ಸುತ್ತಿಗೆ ತಂದು ಮೊಳೆ ಕಿತ್ತ. ಅವಳ ಕೈಗೆ ಸಲೀಸಾಗಿ ಎಟುಕುವಷ್ಟು ಕೆಳಗೆ, ಬೆಳಕು ಚೆನ್ನಾಗಿ ಬೀಳುವ ಕಿಟಕಿಯ ಪಕ್ಕದಲ್ಲಿ, ಅದನ್ನು ಮತ್ತೆ ಹೊಡೆದು ಹಲಗೆ ನೇತುಹಾಕಿದ.